ಅಪ್ಪ ಕೂಡಿಟ್ಟ ಸ್ಫಟಿಕಗಳು: ಯಾವುದು ದೇವರು, ಯಾವುದು ನೆನಪು?

ಪ್ರಶ್ನೆ: ನಮ್ಮ ತಂದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ 30 ವರ್ಷ ದುಡಿದವರು. ಯಾತ್ರೆಗೆ ಹೋದಾಗೆಲ್ಲ ಒಂದೊಂದು ಕಲ್ಲು ತರೋರು. ಹೋದ ವರ್ಷ ತೀರಿಕೊಂಡರು. ಅವರು ನಿತ್ಯ ಪೂಜಿಸುತ್ತಿದ್ದ ಸಾಲಿಗ್ರಾಮ, ಸ್ಫಟಿಕಲಿಂಗದ ಜೊತೆಗೆ ಒಂದು ಡಬ್ಬಿ ತುಂಬ ಸ್ಫಟಿಕದ ಹರಳುಗಳಿವೆ. ನಾವಿಬ್ಬರೂ ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕೆ ಹೋಗೋರು. ದಿನಾ ಅಭಿಷೇಕ ಆಗೋಲ್ಲ. ಪೂಜೆ ತಪ್ಪಿದರೆ ದೋಷ, ಎಲ್ಲಾ ಹೊಳೆಗೆ ಬಿಡಿ ಅಂತ ನೆಂಟರು ಹೆದರಿಸ್ತಾರೆ. ಅಮ್ಮ ಒಂದನ್ನೂ ಕೊಡೋಲ್ಲ ಅಂತಾರೆ. ಏನು ಮಾಡೋಣ?

ಉತ್ತರ: ಮೊದಲು ಹೆದರಿಕೆ ಬಿಡಿ. ನಿಮ್ಮಲ್ಲಿರುವ ಕಲ್ಲುಗಳೆಲ್ಲ ಒಂದೇ ಬಗೆಯವಲ್ಲ. ಸಾಲಿಗ್ರಾಮ ಗಂಡಕಿ ನದಿಯ ಶಿಲೆ. ಅದರಲ್ಲಿ ವಿಷ್ಣುವಿನ ಸಾನ್ನಿಧ್ಯ ಸಹಜವಾದ್ದರಿಂದ ಪ್ರಾಣಪ್ರತಿಷ್ಠೆಯೂ ಬೇಡವೆನ್ನುತ್ತದೆ ಸಂಪ್ರದಾಯ. ಸ್ಫಟಿಕಕ್ಕೂ ದೊಡ್ಡ ಸ್ಥಾನವಿದೆ. ಪಂಚಾಯತನ ಪೂಜೆಯಲ್ಲಿ ತಂಜಾವೂರು ಬಳಿಯ ವಲ್ಲಂನ ಸ್ಫಟಿಕವೇ ಸೂರ್ಯ. ಶೃಂಗೇರಿಯಲ್ಲಿ ಗುರುಗಳು ಪೂಜಿಸುವ ಚಂದ್ರಮೌಳೀಶ್ವರನೂ ಸ್ಫಟಿಕಲಿಂಗ. ಹಾಗಂತ ಕೊಂಡು ತಂದ ಹರಳೆಲ್ಲ ದೇವರಾಗುವುದಿಲ್ಲ. ಪೂಜೆಗೆ ಇಟ್ಟಾಗಲೇ ದೇವರು. ತಂದೆಯವರು ಆ ಹರಳುಗಳನ್ನು ಪೂಜಿಸದೆ ಡಬ್ಬಿಯಲ್ಲೇ ಇಟ್ಟಿದ್ದರೆ ನೀವೂ ಹಾಗೇ ಇಡಿ. ದೋಷವಿಲ್ಲ.

ಪೂಜೆಯಲ್ಲಿದ್ದ ಎರಡಕ್ಕೆ ನಿಮ್ಮ ಮನೆಯ ಪದ್ಧತಿಯಂತೆ ಒಂದು ಉದ್ಧರಣೆ ನೀರು, ತುಳಸಿ, ಬಿಲ್ವ, ನೈವೇದ್ಯಕ್ಕೆ ಚೂರು ಸಕ್ಕರೆ ಸಾಕು. ಐದು ನಿಮಿಷದ ಕೆಲಸ. ಅದೂ ಆಗದೇ ಹೋದರೆ, ಅಮ್ಮ ಒಪ್ಪಿದರೆ, ನಿತ್ಯಪೂಜೆ ನಡೆಸುವ ಬಂಧುಗಳ ಮನೆಗೆ ಕೊಡಬಹುದು.

ಇನ್ನು, ಹರಳುಗಳನ್ನು ಬಿಡದಿರುವುದು ಮೋಹವಲ್ಲವೇ ಎಂದು ಕೆಲವರು ಕೇಳಬಹುದು. ಇನ್ನೊಬ್ಬರ ಕೈಗೆ ಕೊಡಲಾರದೆ ಬಚ್ಚಿಟ್ಟರೆ ಮೋಹ. ಅದರ ನೆಪದಲ್ಲಿ ಹಿರಿಯರ ಬದುಕನ್ನು ಮಕ್ಕಳಿಗೆ ಹೇಳಿದರೆ ಅದು ಪಿತೃಋಣ ತೀರಿಸುವ ಒಂದು ದಾರಿ. ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರು ಹೇಳುತ್ತೇವೆ; ಮುತ್ತಜ್ಜ ಹೇಗಿದ್ದರು, ಏನು ಇಷ್ಟಪಡುತ್ತಿದ್ದರು ಅಂದರೆ ನಮಗೇ ಗೊತ್ತಿರೋಲ್ಲ.

ಯಾವ ಹರಳು ಯಾವ ಯಾತ್ರೆಯದು, ಅಂದು ಏನಾಯಿತು ಎಂದು ಹೇಳಬಲ್ಲವರು ಈಗ ನಿಮ್ಮ ತಾಯಿ ಒಬ್ಬರೇ. ಕಲ್ಲಿಗೆ ಬಾಯಿಲ್ಲ. ಒಂದು ಭಾನುವಾರ ಮಕ್ಕಳನ್ನೂ ಕೂರಿಸಿಕೊಂಡು, ಒಂದೊಂದನ್ನೇ ಅಮ್ಮನ ಕೈಗಿಟ್ಟು ಕೇಳಿ, ಬರೆದಿಡಿ. ಮುಂದೆ ಯಾವುದು ಯಾರಿಗೆ ಎಂಬುದನ್ನು ಅವರೇ ಹೇಳಲಿ. ಅವರಿರುವಾಗ ಹೊಳೆಗೆ ಬಿಡುವ ಮಾತು ಬೇಡ. ತಾಯಿಯ ಮನಸ್ಸು ನೋಯಿಸಿ ಕಳೆದುಕೊಳ್ಳಬೇಕಾದ ದೋಷ ಯಾವುದೂ ಆ ಡಬ್ಬಿಯಲ್ಲಿಲ್ಲ.