ಗಂಡಕೀತೀರದ ಪಾರಣೆ

48 ದಿನ ನಿರಾಹಾರನಾಗಿದ್ದ ರಂತಿದೇವನು ದೊರೆತ ಅನ್ನವನ್ನೂ ಕಡೆಗೆ ನೀರನ್ನೂ ಬಂದವರಿಗೆ ಕೊಟ್ಟನೆಂಬ ಭಾಗವತ ನವಮಸ್ಕಂಧದ ಕಥೆ ತಮಗೆ ವಿದಿತವೇ. ಅದರ ಅರ್ಥ ನನಗೆ ಹೊಳೆದುದು ನೇಪಾಳದ ಮುಕ್ತಿನಾಥ ಯಾತ್ರೆಯಲ್ಲಿ.

ಏಕಾದಶಿಯ ಸಂಜೆ, ಬಿರುಗಾಳಿಯಲ್ಲಿ, ಶಾಲಗ್ರಾಮಗಳ ತವರಾದ ಗಂಡಕೀತೀರದ ಕಾಗಬೇನಿಯನ್ನು ತಲುಪಿದೆವು. ವಸತಿ ಸಿಗದೆ ನಿಂತಿದ್ದ ನಮ್ಮನ್ನು ಅಪರಿಚಿತ ವೃದ್ಧೆಯೊಬ್ಬರು ಒಳಗೆ ಕರೆದು ಊಟಕ್ಕಿಟ್ಟರು. ಇಂದು ಉಪವಾಸವೆಂದೂ, ಮುಂಜಾನೆ ನಾವೇ ಬೇಯಿಸಿಕೊಂಡು ಪಾರಣೆ ಮಾಡಬೇಕೆಂದೂ ಹರಕು ಹಿಂದಿಯಲ್ಲಿ ತಿಳಿಸಿದೆ.

ನಸುಕಿನಲ್ಲಿ ಎದ್ದು ನೋಡಿದರೆ ಸಾರಿಸಿದ ಒಲೆ, ಹೊಸ ಪಾತ್ರೆ, ಅಕ್ಕಿ, ಬೇಳೆ ಸಿದ್ಧ! ನಮ್ಮ ಮಡಿಗೆ ಭಂಗ ಬಾರದಿರಲೆಂದು ಆ ತಾಯಿ ಮಾತ್ರ ಹೊರಗೆ ಚಳಿಯಲ್ಲಿ ಕುಳಿತಿದ್ದರು. ಒಂದು ದಿನದ ಉಪವಾಸಕ್ಕೇ ಹಿಗ್ಗುವ ನನಗೆ ನಾಚಿಕೆಯಾಯಿತು. ಅವರೊಳಗೆ ನಿಂತು ಕೊಡಿಸಿದವನು ನಮ್ಮ ಸಂಪುಟದಲ್ಲಿದ್ದ ನಾರಾಯಣನೇ ಅಲ್ಲವೇ?

ಹಣ ನೀಡಿದರೆ ಕೈ ಹಿಂದೆಳೆದುಕೊಂಡರು. ತೀರ್ಥಪ್ರಸಾದವನ್ನು ಮಾತ್ರ ಕೈಯೊಡ್ಡಿ ಸ್ವೀಕರಿಸಿದರು.