ಹೆಸರು ಕೇಳದ ತೊಟ್ಟಿಲು

ಬೇಲಿ ಮರೆಯಲ್ಲೋ ಬಸ್ ನಿಲ್ದಾಣದಲ್ಲೋ ಹಸುಗೂಸೊಂದು ಸಿಕ್ಕರೆ ಊರ ಬಾಯಲ್ಲಿ ಮೊದಲು ಬರೋ ಮಾತು 'ಯಾವಳು ಹೆತ್ತಳೋ' ಅಂತ. 'ಯಾವನು ಹುಟ್ಟಿಸಿದನೋ' ಅಂತ ಯಾರೂ ಕೇಳುವುದಿಲ್ಲ. ಈ ಒಂದು ಮಾತಿನಲ್ಲೇ ನಮ್ಮ ಸಮಾಜದ ನೀತಿ ಅಡಗಿದೆ. ಹೆತ್ತ ಕೂಸನ್ನು ಬಿಟ್ಟುಹೋಗುವವಳನ್ನು ಜೈಲಿಗೆ ಹಾಕಬೇಕೋ, ಇಲ್ಲಾ ಬಿಟ್ಟುಹೋಗಲು ತೊಟ್ಟಿಲೊಂದನ್ನು ಇಟ್ಟುಕೊಡಬೇಕೋ? ತೊಟ್ಟಿಲು ಇಟ್ಟಮೇಲೆ ಸಮಾಜದ ಹೊಣೆ ತೀರಿತೋ? ನಾವು ಉತ್ತರ ಹುಡುಕಬೇಕಾದ ಪ್ರಶ್ನೆಗಳಿವು.

ತಮಿಳುನಾಡು ಸರ್ಕಾರ 1992ರಲ್ಲಿ ಹೆಣ್ಣುಶಿಶುಗಳ ಕೊಲೆ ತಡೆಯಲು ಸೇಲಂ ಜಿಲ್ಲೆಯಲ್ಲಿ ತೊಟ್ಟಿಲು ಯೋಜನೆ ತಂದಿತು. ಕೊಲ್ಲಬೇಡಿ, ನಮಗೆ ಕೊಡಿ ಎಂಬುದು ಅದರ ತಿರುಳು. ಕೇರಳದ ತಿರುವನಂತಪುರದಲ್ಲಿ 2002ರಲ್ಲಿ 'ಅಮ್ಮತೊಟ್ಟಿಲ್' ಬಂತು. ಅಮೆರಿಕದಲ್ಲಿ 1999ರಲ್ಲಿ ಟೆಕ್ಸಾಸ್ ರಾಜ್ಯ ಶುರುಮಾಡಿತು: ಆಸ್ಪತ್ರೆಯಂಥ ಕಡೆ ಕೂಸನ್ನು ಸುರಕ್ಷಿತವಾಗಿ ಒಪ್ಪಿಸಿ ಹೋದವರಿಗೆ ಶಿಕ್ಷೆಯಿಂದ ರಕ್ಷಣೆ. 2008ರ ಹೊತ್ತಿಗೆ ಅಲ್ಲಿನ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂತು.

'ಇದು ಹೆತ್ತವರ ಹೊಣೆಗೇಡಿತನಕ್ಕೆ ಸರ್ಕಾರ ಹಾಕೋ ಮುದ್ರೆ, ಹೆಣ್ಣುಕೂಸು ಬೇಡ ಅನ್ನೋರಿಗೆ ಅನುಕೂಲ' ಅಂತ ನಮ್ಮ ಸಂಗಾತಿಗಳಲ್ಲೇ ಕೆಲವರು ಹೇಳ್ತಾರೆ. ಈ ಮಾತಿನಲ್ಲಿ ಸತ್ಯ ಇದೆ. ಆದರೂ ತೊಟ್ಟಿಲು ತೆಗೆದುಹಾಕಿ ಅನ್ನುವವರ ಜೊತೆ ನಾವು ನಿಲ್ಲಲಾರೆವು. ವರದಕ್ಷಿಣೆ ಹೋಗಲಿ, ಜಾತಿ ಹೋಗಲಿ, ಆಮೇಲೆ ನೋಡೋಣ ಅಂತ ನಾವು ಅನ್ನಬಹುದು. ಇವತ್ತು ರಾತ್ರಿ ಹುಟ್ಟಿದ ಕೂಸು ಅಷ್ಟು ದಿನ ಕಾಯುವುದಿಲ್ಲ. ಅದರ ಉಸಿರು ಮೊದಲು.

ಆದರೆ ತೊಟ್ಟಿಲು ಹೆಸರು ಕೇಳುವುದಿಲ್ಲ ಅನ್ನೋದರಲ್ಲಿ ಎರಡು ಮೌನಗಳಿವೆ. ಒಂದು, ಹೆತ್ತವಳನ್ನು ಕಾಯುವ ಮೌನ. ಇನ್ನೊಂದು, ಅವಳನ್ನು ಆ ಸ್ಥಿತಿಗೆ ತಂದವರನ್ನು ಕಾಯುವ ಮೌನ. ಕುಂತಿ ಕೂಸನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟಳು. ಸೂರ್ಯನನ್ನು ಯಾರೂ ಕಟಕಟೆಗೆ ಕರೆಯಲಿಲ್ಲ. ಎತ್ತಿ ಸಾಕಿದ್ದು ಸೂತರ ಮನೆ. ಆ ಕೂಸೇ ಬೆಳೆದು ಬಿಲ್ಲು ಹಿಡಿದು ಅಖಾಡಕ್ಕೆ ಇಳಿದಾಗ ಅರಮನೆಯವರು ಕೇಳಿದ್ದು ಅದರ ಕುಲವನ್ನು. ಬಿಟ್ಟವರ ಹೆಸರು ಮುಚ್ಚಿಡೋ ಸಮಾಜ, ಬಿಟ್ಟ ಕೂಸಿನ ಕುಲವನ್ನು ಮಾತ್ರ ಕೆದಕದೇ ಬಿಡುವುದಿಲ್ಲ.

ಕೂಸನ್ನು ಬಿಡುವುದಕ್ಕೆ ಕಾರಣವೂ ಎಲ್ಲ ಕಡೆ ಒಂದೇ ಅಲ್ಲ. ನಮ್ಮ ಕೇರಿಗಳಲ್ಲಿ ಬಸವಿ ಬಿಟ್ಟ, ಮುತ್ತು ಕಟ್ಟಿಸಿಕೊಂಡ ಅವ್ವಂದಿರು ಗೌಡ ಸಾಹುಕಾರರಿಗೆ ಹುಟ್ಟಿದ ಮಕ್ಕಳನ್ನು ಸೊಂಟದ ಮೇಲೆ ಹೊತ್ತುಕೊಂಡೇ ಕೂಲಿಗೆ ಹೋದರು. ಅಪ್ಪನ ಹೆಸರಿಲ್ಲದೆ ಮಕ್ಕಳನ್ನು ಶಾಲೆಗೆ ಸೇರಿಸಿದರು. ಇವರನ್ನು ಮಾನಗೆಟ್ಟವರು ಅಂದ ಊರೇ, ಮಾನಕ್ಕೆ ಅಂಜಿ ಕೂಸಿನ ಕತ್ತು ಹಿಸುಕಿದ ಮೇಲಿನ ಮನೆಗಳನ್ನು ಮಾನವಂತರು ಅಂತ ಕರೆಯಿತು. ದೇವದಾಸಿ ಪದ್ಧತಿ ನಿಷೇಧಿಸಿ 1982ರಲ್ಲಿ ಕರ್ನಾಟಕ ಕಾಯ್ದೆ ಮಾಡಿತು. ಆ ಮಕ್ಕಳ ಅಪ್ಪಂದಿರಿಗೆ ಊರು ಯಾವ ಕಳಂಕವನ್ನೂ ಹಚ್ಚಲಿಲ್ಲ.

ಮೇಲ್ಜಾತಿಯ ಮಾನದ ಈ ಕ್ರೌರ್ಯವನ್ನು ಕಣ್ಣಾರೆ ಕಂಡವರು ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ. 1863ರಲ್ಲಿ ಪುಣೆಯಲ್ಲಿ ಅವರು ಶಿಶುಹತ್ಯೆ ತಡೆಯುವ ಗೃಹ ತೆರೆದರು. ತಲೆ ಬೋಳಿಸಿಕೊಂಡು ಮೂಲೆ ಸೇರಿದ ಬ್ರಾಹ್ಮಣ ವಿಧವೆಯರು ಬಂದು ಗುಟ್ಟಾಗಿ, ಸುರಕ್ಷಿತವಾಗಿ ಹೆರಬಹುದಿತ್ತು. ಕೂಸನ್ನು ಕರೆದೊಯ್ಯುವುದೋ ಬಿಟ್ಟುಹೋಗುವುದೋ, ಅದು ತಾಯಿಯ ಇಷ್ಟ. ತಮ್ಮನ್ನು ಶೂದ್ರರು ಅಂತ ಹೀಯಾಳಿಸಿದ ಜಾತಿಯ ಹೆಣ್ಣುಮಕ್ಕಳಿಗೇ ಈ ಮಾಲಿ ದಂಪತಿ ಬಾಗಿಲು ತೆರೆದರು. ಬರೀ ತೊಟ್ಟಿಲು ಇಟ್ಟು ಸುಮ್ಮನಾಗಲಿಲ್ಲ, ಹೆರುವವಳನ್ನೇ ಒಳಗೆ ಕರೆದರು. 1874ರಲ್ಲಿ ಇಂಥ ಒಬ್ಬ ವಿಧವೆಯ ಕೂಸನ್ನು ದತ್ತು ತೆಗೆದುಕೊಂಡು ಯಶವಂತ ಅಂತ ಹೆಸರಿಟ್ಟರು, ಡಾಕ್ಟರ್ ಓದಿಸಿದರು. 1897ರ ಪ್ಲೇಗಿನಲ್ಲಿ ಆ ಮಗನ ಜೊತೆ ರೋಗಿಗಳ ಸೇವೆ ಮಾಡುತ್ತಲೇ ಸಾವಿತ್ರಿಬಾಯಿ ಪ್ರಾಣಬಿಟ್ಟರು. ಕುಲ ಕೇಳದೆ ಎತ್ತಿಕೊಳ್ಳೋದು ಅಂದರೆ ಇದು.

ಅಮೆರಿಕದ ನೆಬ್ರಾಸ್ಕಾದ ಕತೆ ಬೇರೆ. 2008ರಲ್ಲಿ ಅಲ್ಲಿ ಮಾಡಿದ ಕಾನೂನಿನಲ್ಲಿ 'ಮಗು' ಅಂತ ಇತ್ತೇ ಹೊರತು ವಯಸ್ಸು ಹೇಳಿರಲಿಲ್ಲ. ಕೆಲವೇ ತಿಂಗಳಲ್ಲಿ 30ಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗಳಲ್ಲಿ ಬಿಟ್ಟರು. ಬಹುಪಾಲು ಬೆಳೆದ ಮಕ್ಕಳು, ಹದಿಹರೆಯದವರು. ಹೆಂಡತಿ ಸತ್ತ ಒಬ್ಬ ಅಪ್ಪ ಒಂಬತ್ತು ಮಕ್ಕಳನ್ನು ಒಟ್ಟಿಗೇ ಬಿಟ್ಟುಹೋದ. ಮನೋರೋಗದ ಮಕ್ಕಳಿಗೆ ಚಿಕಿತ್ಸೆ ಸಿಗದೆ ಸೋತ ತಾಯಂದಿರೂ ಬಂದರು. ಬಾಗಿಲು ತೆರೆದಾಗ ಕಂಡದ್ದು ಅಸಹಾಯಕತೆ. ಸರ್ಕಾರ ಏನು ಮಾಡಿತು? ಅದೇ ನವೆಂಬರ್‌ನಲ್ಲಿ ಕಾನೂನು ತಿದ್ದಿ 30 ದಿನದೊಳಗಿನ ಕೂಸುಗಳಿಗೆ ಮಾತ್ರ ಅಂದಿತು. ಸಾಲು ಉದ್ದವಾಯಿತು ಅಂತ ಬಾಗಿಲನ್ನೇ ಕಿರಿದು ಮಾಡಿದರು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2021ರ ಡಿಸೆಂಬರ್‌ನಲ್ಲಿ ಗರ್ಭಪಾತದ ಹಕ್ಕಿನ ವಿಚಾರಣೆ ನಡೆದಾಗ ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ಈ ಕಾನೂನುಗಳನ್ನೇ ಮುಂದಿಟ್ಟರು: ಹೆತ್ತು ಒಪ್ಪಿಸಿ ಹೋಗಲು ದಾರಿ ಇರುವಾಗ ತಾಯ್ತನದ ಹೊರೆ ಎಲ್ಲಿದೆ ಎಂಬ ಧಾಟಿಯಲ್ಲಿ. 2022ರ ಜೂನ್‌ನಲ್ಲಿ ಕೋರ್ಟು ಆ ಹಕ್ಕನ್ನೇ ರದ್ದುಮಾಡಿತು. ಒಂಬತ್ತು ತಿಂಗಳು ಹೊರುವವಳ ಮೈ ಲೆಕ್ಕಕ್ಕೇ ಬರಲಿಲ್ಲ. ಬದುಕಿಸಲು ಇಟ್ಟ ತೊಟ್ಟಿಲು ಹೆಣ್ಣಿನ ಬಾಯಿ ಮುಚ್ಚಿಸಲು ಬಳಕೆಯಾಯಿತು. ಇದನ್ನು ನಾವು ನೆನಪಿಡಬೇಕು.

ನಮ್ಮಲ್ಲಿ ಕಾನೂನಿಗೆ ಎರಡು ಮುಖ. ಹನ್ನೆರಡು ವರ್ಷದೊಳಗಿನ ಮಗುವನ್ನು ಕೈಬಿಟ್ಟರೆ ಏಳು ವರ್ಷದವರೆಗೆ ಜೈಲು ಅಂತ ಹಳೆಯ ದಂಡಸಂಹಿತೆಯ 317ನೇ ಕಲಮು ಹೇಳುತ್ತಿತ್ತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಇದೆ. 2015ರ ಬಾಲನ್ಯಾಯ ಕಾಯ್ದೆ ಮಾತ್ರ, ಕೈಮೀರಿದ ಕಾರಣಗಳಿಂದ ಸಾಕಲಾಗದವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು, ಮನಸ್ಸು ಬದಲಾದರೆ ಎರಡು ತಿಂಗಳೊಳಗೆ ಹಿಂದಕ್ಕೆ ಪಡೆಯಬಹುದು ಅನ್ನುತ್ತದೆ. ಜೈಲಿನ ಸುದ್ದಿ ಕೂಲಿ ಹೆಣ್ಣುಮಗಳ ಕಿವಿಗೆ ಬೇಗ ಮುಟ್ಟುತ್ತೆ. ಈ ಎರಡು ತಿಂಗಳ ಸುದ್ದಿ ಹೇಳೋರು ಯಾರು?

ಟೆಕ್ಸಾಸಿನವರು ತಮ್ಮ ಕಾನೂನನ್ನು ಮೋಶೆಯ ಹೆಸರಿನಲ್ಲಿ ಕರೆಯುತ್ತಾರೆ. ಮೋಶೆಯ ತಾಯಿ ಕೂಸನ್ನು ಬುಟ್ಟಿಯಲ್ಲಿಟ್ಟು ನದಿಯ ಜೊಂಡಿನಲ್ಲಿ ಬಿಟ್ಟದ್ದು ಬೇಡವಾಗಿ ಅಲ್ಲ, ಇಬ್ರಿಯರ ಗಂಡುಕೂಸುಗಳನ್ನು ಕೊಲ್ಲಿ ಅಂದ ಅರಸನಿಗೆ ಅಂಜಿ. ಕತೆ ಅಲ್ಲಿಗೇ ಮುಗಿಯುವುದಿಲ್ಲ. ಅರಸನ ಮಗಳು ಆ ತಾಯಿಯನ್ನೇ ಕರೆಸಿ, ಕೂಲಿ ಕೊಟ್ಟು, ಆ ಕೂಸಿಗೇ ಹಾಲೂಡಿಸಲು ಹಚ್ಚಿದಳು. ಭಯ ಹೋಗಿ ಕೈಗೆ ಕೂಲಿ ಬಂದಾಗ ಕೂಸು ಹೆತ್ತವಳ ಮಡಿಲಿಗೇ ಮರಳಿತು. ಮೋಶೆಯ ಹೆಸರಿಟ್ಟವರು ಕತೆಯ ಈ ಭಾಗವನ್ನು ಬಿಟ್ಟುಬಿಟ್ಟರು.

ನಮ್ಮ ನಿಲುವು ಇಷ್ಟು. ತೊಟ್ಟಿಲು ಇರಲಿ, ಹೆಸರು ಕೇಳದೆಯೇ ಇರಲಿ. ಜೊತೆಗೆ ಹೆತ್ತ ಕೂಲಿ ಹೆಣ್ಣಿಗೆ ಸಂಬಳದ ಬಿಡುವು ಬೇಕು, ಒಂಟಿ ತಾಯಿಗೆ ನೆರಳು ಬೇಕು, ಬೇಡದ ಬಸಿರನ್ನು ಕಾನೂನಿನ ಪ್ರಕಾರ ತೆಗೆಸಿಕೊಳ್ಳಲು ತಾಲ್ಲೂಕು ಆಸ್ಪತ್ರೆಯಲ್ಲಿ ಬೈಗುಳವಿಲ್ಲದ ಬಾಗಿಲು ಬೇಕು. ಹಳ್ಳಿಯ ಮೇಷ್ಟ್ರು ಮೇಡಂಗಳು, ಸಂಘದ ಹುಡುಗ ಹುಡುಗಿಯರು ಆ ಎರಡು ತಿಂಗಳ ಸುದ್ದಿಯನ್ನು ಕೇರಿ ಕೇರಿಗೂ ಮುಟ್ಟಿಸಬೇಕು. ಇಷ್ಟಾದಮೇಲೂ ಬಿಟ್ಟುಹೋಗುವವಳಿದ್ದರೆ ಹೋಗಲಿ, ಅವಳ ಬೆನ್ನಿಗೆ ಕಲ್ಲು ಹೊಡೆಯೋ ಹಕ್ಕು ಯಾರಿಗೂ ಇಲ್ಲ.