ಮೊದಲು ಮುಗಿದದ್ದು ಯಾವುದು?

ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಇದು ನಮ್ಮ ಮನೆಯ ಇಡ್ಲಿ ಹಿಟ್ಟಿನ ಲೆಕ್ಕ. ಡಬ್ಬಿಗಳಲ್ಲಿ ಎರಡು ಪಾವು ಅಕ್ಕಿ, ಒಂದು ಪಾವು ಉದ್ದು ಇದೆಯೆನ್ನಿ. ಕೊರತೆ ಯಾವುದರದು? ಕಣ್ಣಿಗೆ ಕಡಿಮೆ ಕಾಣುವುದು ಉದ್ದು. ಆದರೆ ಸಾಲದಿರುವುದು ಅಕ್ಕಿ. ಅಷ್ಟು ಉದ್ದಿಗೆ ಮೂರು ಪಾವು ಬೇಕಿತ್ತು. ಹೀಗೆ ಮೊದಲು ಮುಗಿದು, ಇಡೀ ಕೆಲಸವನ್ನೇ ಅಲ್ಲಿಗೆ ನಿಲ್ಲಿಸುವ ವಸ್ತುವಿಗೆ ರಸಾಯನಶಾಸ್ತ್ರದಲ್ಲಿ ‘ಲಿಮಿಟಿಂಗ್ ರಿಯೇಜೆಂಟ್’ ಎನ್ನುತ್ತಾರೆ. ಮಿತಿ ಹಾಕುವ ಪ್ರತಿವರ್ತಕ ಎಂದು ಅರ್ಥ.

ನಾನು ಬಿ.ಎ. ಓದಿದವಳು. ಈ ಮಾತು ನನಗೆ ತಿಳಿದದ್ದು ಬಿ.ಎಸ್ಸಿ. ಓದಿದ ಮಗಳ ಪ್ರಯೋಗದ ಪುಸ್ತಕದಿಂದ. ಆಸ್ಪಿರಿನ್ ತಯಾರಿಸುವ ಪ್ರಯೋಗ ಅದು. 138 ಗ್ರಾಂ ಸ್ಯಾಲಿಸಿಲಿಕ್ ಆಮ್ಲಕ್ಕೆ 102 ಗ್ರಾಂ ಅಸಿಟಿಕ್ ಅನ್‌ಹೈಡ್ರೈಡ್ ಸಾಕು. ಅಣುವಿಗೆ ಅಣು ಸರಿಹೋಗುತ್ತದೆ. ಪ್ರಯೋಗದಲ್ಲಿ 2 ಗ್ರಾಂ ಆಮ್ಲಕ್ಕೆ 5 ಮಿಲಿಲೀಟರ್ ಅನ್‌ಹೈಡ್ರೈಡ್ ಹಾಕಿದ್ದರು. ಬೇಕಾದದ್ದು ಸುಮಾರು ಒಂದೂವರೆ ಗ್ರಾಂ, ಹಾಕಿದ್ದು ಐದು ಗ್ರಾಂಗೂ ಮೇಲೆ. ಆಮ್ಲ ಒಂದಿಷ್ಟೂ ಉಳಿಯದೆ ಬಳಕೆಯಾಗಲಿ ಎಂದೇ ಹಾಗೆ ಮಾಡುವುದಂತೆ. ಎಷ್ಟು ಜಾಣತನದಿಂದ ಮಾಡಿದರೂ ಸಿಗುವ ಆಸ್ಪಿರಿನ್ ಸುಮಾರು 2.6 ಗ್ರಾಂ ದಾಟದು. ಅನ್‌ಹೈಡ್ರೈಡನ್ನು ಇನ್ನೊಂದು ಸೀಸೆ ಸುರಿದರೂ ಅಷ್ಟೆ.

ಈಗ ಹಬ್ಬದ ಮನೆಯನ್ನು ನೆನೆಯಿರಿ. ಸಾಮಾನು ಧಾರಾಳ, ದುಡ್ಡು ಧಾರಾಳ, ಸಲಹೆ ಕೊಡುವವರಂತೂ ಇನ್ನೂ ಧಾರಾಳ. ಒಲೆಯ ಮುಂದೆ ನಿಂತವಳ ಕೈಗಳು ಮಾತ್ರ ಎರಡೇ. ಊಟ ತಡವಾದರೆ, “ಪಾಪ, ಅವಳ ಕೈಲಿ ಆಗಲಿಲ್ಲ” ಎನ್ನುತ್ತಾರೆ. ಇದು ನ್ಯಾಯವೇ? ಪೂರ್ತಿ ಖರ್ಚಾದವಳಿಗೆ ಕೊರತೆಯ ಹೆಸರು, ಖರ್ಚಾಗದೆ ಉಳಿದವರಿಗೆ ಸಮೃದ್ಧಿಯ ಹೆಸರು! ಮಿಕ್ಕ ಅನ್‌ಹೈಡ್ರೈಡ್ ಹೆಚ್ಚು ಕೊಟ್ಟದ್ದಲ್ಲ, ಕೊಡದೆ ಉಳಿದದ್ದು. ಕೆಲಸ ಎಲ್ಲಿ ನಿಂತಿತು ಎಂಬುದು ಒಂದು ಪ್ರಶ್ನೆ, ತಪ್ಪು ಯಾರದು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನೇ ನಾವು ಎರಡನೆಯದಕ್ಕೂ ಬರೆದುಬಿಡುತ್ತೇವೆ.

ಹೋಲಿಕೆಯನ್ನು ಇನ್ನೂ ಮುಂದಕ್ಕೆ ಎಳೆಯಬಾರದು. ಯಾವುದು ಪೂರ್ತಿ ಮುಗಿಯಬೇಕು ಎಂದು ಪ್ರಯೋಗ ಮಾಡುವವರು ಮೊದಲೇ ಗೊತ್ತುಮಾಡಬಹುದು, ಆಮ್ಲಕ್ಕೆ ನೋವಿಲ್ಲ. ಮನುಷ್ಯರನ್ನು ಹಾಗೆ ಗೊತ್ತುಮಾಡುವ ಹಕ್ಕು ಯಾರಿಗೂ ಇಲ್ಲ, ಅವರು ನಗುನಗುತ್ತಲೇ ಮುಗಿಯುತ್ತಿದ್ದರೂ ಇಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಎಷ್ಟೇ ಮಿಕ್ಕಿದ್ದರೂ ಅನ್‌ಹೈಡ್ರೈಡ್ ಆಮ್ಲದ ಕೆಲಸ ಮಾಡಲಾರದು. ಹೋಳಿಗೆ ಲಟ್ಟಿಸುವ ಕೈ ಮಾತ್ರ ಮಗನದೂ ಆಗಬಹುದು.